ಬೇಸಿಗೆಯಲ್ಲಿ ಬಾಯಾರುವ ಅರ್ಥಿಂಗ್ ಗುಂಡಿ

ಸೋಲಾರ್ ಪ್ಯಾನೆಲ್ ತೊಳೆಯಲೆಂದು ತಾರಸಿ ಹತ್ತಿದವರ ಒದ್ದೆ ಕೈ ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿದಾಗ ಬೆರಳ ತುದಿ ಜುಮ್ಮೆನ್ನುವುದುಂಟು. "ಸಣ್ಣಗೆ ಕರೆಂಟ್ ಹೊಡೀತದೆ, ಅಷ್ಟೇ" ಎಂದು ಹೇಳಿ ಕೆಲಸ ಮುಗಿಸಿ ಇಳಿದು ಬರುತ್ತಾರೆ. ಅಷ್ಟೇ ಎಂದು ಬಿಟ್ಟುಬಿಡುವ ಸಂಗತಿಯಲ್ಲ ಇದು. ಅರ್ಥಿಂಗ್ ಸರಿಯಾಗಿರುವ ಚೌಕಟ್ಟು ಎಂದೂ ಜುಮ್ಮೆನ್ನಿಸುವುದಿಲ್ಲ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ, 3 ಕಿಲೋವಾಟ್ ಹಾಕಿಸಿಕೊಂಡರೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಸಿಗುತ್ತದೆಂದು ತಿಳಿದು, ಕ್ಯಾತಸಂದ್ರದಿಂದ ಶಿರಾಗೇಟಿನವರೆಗೆ ತುಮಕೂರಿನ ಮನೆಗಳಲ್ಲಿ ಕೊಟೇಷನ್ ಕಾಗದಗಳು ಓಡಾಡುತ್ತಿವೆ. ಪ್ಯಾನೆಲ್ ಯಾವ ಕಂಪನಿಯದು, ಎಷ್ಟು ವಾಟ್, ಗ್ಯಾರಂಟಿ ಎಷ್ಟು ವರ್ಷ ಎಂದು ಎಲ್ಲರೂ ಕೇಳುತ್ತಾರೆ. ಕೊನೆಯ ಸಾಲಿನಲ್ಲಿ "ಅರ್ಥಿಂಗ್ ಕಿಟ್" ಎಂದು ಬರೆದಿರುವುದನ್ನು ಮಾತ್ರ ಯಾರೂ ಬಿಡಿಸಿ ಕೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಾಗದದಲ್ಲಿ ಮೊದಲು ಓದಬೇಕಾದ ಸಾಲು ಅದು.

ಚೌಕಟ್ಟಿನಲ್ಲಿ ವಿದ್ಯುತ್ತು ಸೇರಿಕೊಳ್ಳುವುದು ಹೇಗೆ? ಒಂದು ದಾರಿ ಎಲ್ಲರಿಗೂ ಪರಿಚಿತವಾದ ಸ್ಥಾಯಿ ವಿದ್ಯುತ್ತು. ಎರಡು ವಸ್ತುಗಳು ತಾಗಿ ಬೇರೆಯಾದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತವೆ. ಚಳಿಗಾಲದ ಕತ್ತಲಲ್ಲಿ ಉಣ್ಣೆ ಕಂಬಳಿ ಕೊಡವಿದಾಗ ಚಟಪಟ ಕಿಡಿ ಕಾಣುವುದು ಇದರಿಂದಲೇ. ಗಾಳಿಯಲ್ಲಿ ಹಾರುವ ಧೂಳೂ ಹಾಗೆಯೇ ಆವೇಶ ಹೊರುತ್ತದೆ. ಡಗ್ಲಸ್ ರಜ್ ಎಂಬ ವಿಜ್ಞಾನಿ ದಕ್ಷಿಣ ಆಫ್ರಿಕದ ಧೂಳುಗಾಳಿಯಲ್ಲಿ ಇದನ್ನು ಅಳೆದು 1913ರಲ್ಲೇ ಪ್ರಕಟಿಸಿದ್ದರು. ಮಾಘ–ಫಾಲ್ಗುಣದ ಒಣಗಾಳಿಗೆ ಪಾವಗಡ, ಶಿರಾ ಕಡೆಯ ಕೆಂಧೂಳು ಗಾಜಿನ ಮೇಲೆ ಉಜ್ಜಿಕೊಂಡು ಹೋಗುವಾಗ ಗಾಜಿಗೂ ಆವೇಶ ಬರುತ್ತದೆ. ಗಾಜು ಅವಾಹಕ, ಗಾಳಿಯೂ ಒಣ. ಆವೇಶಕ್ಕೆ ಹರಿದುಹೋಗಲು ದಾರಿಯಿಲ್ಲ. ಅಲ್ಲೇ ನಿಂತು ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ಒರೆಸಿದ ಪ್ಯಾನೆಲ್ ಮಾರನೆಯ ದಿನಕ್ಕೇ ಮಸುಕಾಗುವುದರಲ್ಲಿ ಇದರ ಪಾಲೂ ಇದೆ.

ಇದೇ ಗುಣವನ್ನು ತಿರುಗಿಸಿ ಬಳಸುವ ಪ್ರಯತ್ನವೂ ನಡೆದಿದೆ. ಅಮೆರಿಕದ ಎಂಐಟಿಯಲ್ಲಿ ಕೃಪಾ ವಾರಾಣಸಿ ಮತ್ತು ಸಂಗಡಿಗರು 2022ರಲ್ಲಿ ನೀರಿಲ್ಲದೆ ಪ್ಯಾನೆಲ್ ಶುಚಿಮಾಡುವ ಉಪಾಯ ತೋರಿಸಿದರು. ಗಾಜಿನ ಮೇಲೆ ವಿದ್ಯುತ್ ಹರಿಯಬಲ್ಲ ಅತಿ ತೆಳುವಾದ ಪಾರದರ್ಶಕ ಲೇಪ, ಅದರ ಮೇಲ್ಗಡೆ ಹಾದುಹೋಗುವ ಒಂದು ವಿದ್ಯುದಗ್ರ. ಎರಡರ ನಡುವೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಧೂಳಿನ ಕಣಗಳು ಆವೇಶ ಪಡೆದು ತಾವೇ ಗಾಜು ಬಿಟ್ಟು ಚಿಮ್ಮುತ್ತವೆ. ಗಾಳಿಯಲ್ಲಿ ಶೇ. 30ಕ್ಕಿಂತ ಹೆಚ್ಚು ತೇವಾಂಶವಿದ್ದರೆ ಇದು ನಡೆಯುತ್ತದೆ, ನಮ್ಮಲ್ಲಾದರೆ ಬೆಳಗಿನ ಜಾವಕ್ಕೆ ಹೊಂದುವ ಕೆಲಸ. ಕುಡಿಯುವ ನೀರಿಗೇ ತತ್ವಾರವಿರುವ ಪಾವಗಡದಂಥ ಸೀಮೆಯಲ್ಲಿ, 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನದ ಪಕ್ಕದಲ್ಲಿ ನಿಂತವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಆದರೆ ಧೂಳಿನ ಆವೇಶ ಎಷ್ಟೇ ವೋಲ್ಟ್ ತೋರಿಸಿದರೂ ಅದರ ಒಟ್ಟು ಮೊತ್ತ ಅತ್ಯಲ್ಪ. ಒದ್ದೆ ಕೈಗೆ ಬಿಡದೆ ಜುಮ್ಮೆನ್ನಿಸುವುದು ಬೇರೆಯದು. ಪ್ಯಾನೆಲ್ಲಿನೊಳಗೆ ಸಿಲಿಕಾನ್ ಕೋಶಗಳಿವೆ, ಅವುಗಳ ಸುತ್ತ ಗಾಜು, ಪ್ಲಾಸ್ಟಿಕ್ ಪದರ, ಆಚೆಗೆ ಲೋಹದ ಚೌಕಟ್ಟು. ಎರಡು ವಾಹಕಗಳ ನಡುವೆ ಒಂದು ಅವಾಹಕ ಇದ್ದರೆ ಅದು ಕೆಪಾಸಿಟರ್, ಆವೇಶ ತುಂಬಿಕೊಳ್ಳುವ ಸಾಧನ. ಒಂದು ಕಿಲೋವಾಟ್ ಪ್ಯಾನೆಲ್ಲಿಗೆ ಸುಮಾರು 100 ನ್ಯಾನೋಫ್ಯಾರಡ್ ಎಂದು ಹಿಡಿಯಬಹುದು. ಪ್ಯಾನೆಲ್ಲಿನ ಡಿಸಿಯನ್ನು ಮನೆಯ ಎಸಿಯಾಗಿಸುವ ಇನ್ವರ್ಟರ್‌ಗಳ ಪೈಕಿ ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಬಗೆಯವು ಡಿಸಿ ತಂತಿಗಳ ಮೇಲೂ ಮನೆಯ 50 ಹರ್ಟ್ಸ್ ಏರಿಳಿತದ ಅರ್ಧದಷ್ಟನ್ನು ಹೇರುತ್ತವೆ. ಲೆಕ್ಕ ಹಾಕಿದರೆ 3 ಕಿಲೋವಾಟಿನ ಪ್ಯಾನೆಲ್ ಸಾಲಿನಿಂದ ಚೌಕಟ್ಟಿನ ಮೂಲಕ ಸುಮಾರು 10 ಮಿಲಿಆಂಪಿಯರ್ ಹರಿಯಲು ಹವಣಿಸುತ್ತದೆ. ಒಂದು ಮಿಲಿಆಂಪಿಯರ್ ಆದರೆ ಚರ್ಮಕ್ಕೆ ಗೊತ್ತಾಗುತ್ತದೆ. ಹತ್ತರ ಹೊತ್ತಿಗೆ ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಶುರು. ತಾರಸಿಯ ಅಂಚಿನಲ್ಲಿ ಬೆಚ್ಚಿಬಿದ್ದು ಕಾಲು ಜಾರಲು ಇಷ್ಟೂ ಬೇಕಿಲ್ಲ. ಚೌಕಟ್ಟಿನಿಂದ ನೆಲಕ್ಕೆ ದಪ್ಪ ತಂತಿ ಇದ್ದರೆ ಇದೆಲ್ಲ ಸದ್ದಿಲ್ಲದೆ ಅಲ್ಲಿ ಇಳಿಯುತ್ತದೆ. ಇಲ್ಲದಿದ್ದರೆ ತೊಳೆಯಲು ಹೋದವರ ಮೈಯೇ ತಂತಿ.

ಪ್ಯಾನೆಲ್ ನೆನೆದಾಗ ಗಾಜಿನ ಮೇಲಿನ ನೀರಿನ ಪದರವೂ ಕೆಪಾಸಿಟರಿನ ಒಂದು ತಟ್ಟೆಯಾಗಿ ಈ ಸೋರಿಕೆ ಹೆಚ್ಚುತ್ತದೆ. ಮಳೆ ಬಿದ್ದ ಬೆಳಗ್ಗೆ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುವುದಕ್ಕೂ, ಧನುರ್ಮಾಸದ ಇಬ್ಬನಿಯಲ್ಲಿ ಇನ್ವರ್ಟರ್ ತಡವಾಗಿ ಏಳುವುದಕ್ಕೂ ನೀರೇ ನೆಪ. ಇನ್ವರ್ಟರ್ ಪ್ರತಿ ಬೆಳಗ್ಗೆ ಕೆಲಸ ಶುರುಮಾಡುವ ಮೊದಲು ಡಿಸಿ ತಂತಿಗಳಿಗೂ ನೆಲಕ್ಕೂ ನಡುವಿನ ನಿರೋಧವನ್ನು ತಾನೇ ಅಳೆಯುತ್ತದೆ. ಕಡಿಮೆ ಬಂದರೆ ದೋಷದ ಸಂಕೇತ ತೋರಿಸಿ ಕಾಯುತ್ತದೆ. ಇಬ್ಬನಿ ಆರಿದ ಮೇಲೆ ಸರಿಹೋದರೂ ಇದು ದಿನವೂ ಮರುಕಳಿಸುತ್ತಿದ್ದರೆ ಎಲ್ಲೋ ತಂತಿಯ ಸಿಪ್ಪೆ ಸವೆದಿದೆ ಅಥವಾ ಕನೆಕ್ಟರಿಗೆ ನೀರು ನುಗ್ಗಿದೆ ಎಂದು ತಿಳಿಯಬೇಕು.

ನಿಂತ ಆವೇಶ ಪ್ಯಾನೆಲ್ಲಿನ ಶಕ್ತಿಯನ್ನೇ ತಿಂದುಹಾಕಬಲ್ಲದು ಎಂಬುದು ಈ ಕಥೆಯಲ್ಲಿ ನನಗೆ ಅತ್ಯಂತ ಸೋಜಿಗದ ಭಾಗ. ಕ್ಯಾಲಿಫೋರ್ನಿಯಾದ ಸನ್‌ಪವರ್ ಕಂಪನಿಯ ಸ್ಥಾಪಕ ರಿಚರ್ಡ್ ಸ್ವಾನ್ಸನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಇದನ್ನು ಬಯಲಿಗಿಟ್ಟರು. ತಮ್ಮದೇ ಉತ್ತಮ ಕೋಶಗಳ ಪ್ಯಾನೆಲ್‌ಗಳು ಹೆಚ್ಚು ವೋಲ್ಟೇಜಿನ ಸಾಲುಗಳಲ್ಲಿ ಸೊರಗುತ್ತಿದ್ದವು, ಒಡೆದದ್ದು ಕೆಟ್ಟದ್ದು ಏನೂ ಕಾಣುತ್ತಿರಲಿಲ್ಲ. ಕೋಶಗಳು ನೆಲಕ್ಕಿಂತ ಧನ ವೋಲ್ಟೇಜಿನಲ್ಲಿದ್ದಾಗ ಗಾಜಿನ ಮೂಲಕ ಚೌಕಟ್ಟಿಗೆ ಅತಿ ಸಣ್ಣ ಸೋರಿಕೆ ನಡೆದು, ಕೋಶದ ಮುಖದ ಲೇಪದ ಮೇಲೆ ಋಣ ಆವೇಶ ಕೂಡಿಕೊಳ್ಳುತ್ತಿತ್ತು. ಬೆಳಕಿನಿಂದ ಹುಟ್ಟಿದ ಧನ ವಾಹಕಗಳು ಹಿಂಬದಿಯ ತಂತಿಗೆ ಹೋಗುವ ಬದಲು ಈ ಋಣ ಆವೇಶದತ್ತ ಎಳೆಯಲ್ಪಟ್ಟು ಮುಖದಲ್ಲೇ ಎಲೆಕ್ಟ್ರಾನಿನೊಡನೆ ಸೇರಿ ನಾಶವಾಗುತ್ತಿದ್ದವು. ಪರಿಹಾರವಾಗಿ ಅವರು ಮಾಡಿದ್ದು ಅರ್ಥಿಂಗ್: ಸಾಲಿನ ಧನ ತಂತಿಯನ್ನು ನೆಲಕ್ಕೆ ಕಟ್ಟಿದರು. ಕೋಶಗಳೆಲ್ಲ ನೆಲಕ್ಕಿಂತ ಋಣದಲ್ಲಿ ನಿಂತವು, ಆವೇಶ ಕರಗಿತು, ಕಳೆದುಹೋದ ಶಕ್ತಿ ಹಿಂತಿರುಗಿತು.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಸಾಮಾನ್ಯ ಪಿ-ಮಾದರಿ ಕೋಶಗಳಲ್ಲಿ ಇದರ ಚಿಹ್ನೆ ತಿರುವುಮುರುವು. ಅಲ್ಲಿ ಸಾಲಿನ ಋಣ ತುದಿಯ ಪ್ಯಾನೆಲ್‌ಗಳು ಕೆಡುತ್ತವೆ, ಗಾಜಿನ ಸೋಡಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗಿ ಒಳಗೊಳಗೇ ಸೋರುದಾರಿ ಮಾಡುತ್ತವೆ. ಮನೆಯ ತಾರಸಿಯ ಕೆಲವು ನೂರು ವೋಲ್ಟಿಗೆ ಇದು ದೊಡ್ಡ ಚಿಂತೆಯಲ್ಲ; ದೊಡ್ಡ ಸ್ಥಾವರಗಳ 1000ದಿಂದ 1500 ವೋಲ್ಟಿನ ಸಾಲುಗಳಿಗೆ ಖಂಡಿತ ಚಿಂತೆ.

ಇನ್ನು ನೆಲದ ವಿಚಾರ. ಅರ್ಥಿಂಗ್ ಎಂದರೆ ತಂತಿಯೊಂದನ್ನು ಮಣ್ಣಿಗೆ ಸಿಕ್ಕಿಸುವುದು ಎಂದುಕೊಂಡರೆ ತುಮಕೂರು ಜಿಲ್ಲೆಯ ಮಣ್ಣನ್ನು ನಾವು ಅರಿತಿಲ್ಲ ಎಂದರ್ಥ. ಮಣ್ಣು ವಿದ್ಯುತ್ತನ್ನು ಒಯ್ಯುವುದು ತನ್ನೊಳಗಿನ ನೀರು ಮತ್ತು ಲವಣದಿಂದ. ಕುಣಿಗಲ್ ದೊಡ್ಡಕೆರೆಯ ಕೆಳಗಿನ ಗದ್ದೆಯ ಜಿಗುಟು ಗೋಡು ಒಳ್ಳೆಯ ವಾಹಕ. ಅದೇ ತಾಲ್ಲೂಕಿನ ಹುಲಿಯೂರುದುರ್ಗದ ಬಂಡೆಗಲ್ಲಿನ ಬುಡದಲ್ಲಿ ಅದರ ಸುಳಿವೂ ಸಿಗದು. 40 ಮಿಲಿಮೀಟರ್ ದಪ್ಪದ ಜಿಐ ಪೈಪನ್ನು 3 ಮೀಟರ್ ಆಳಕ್ಕೆ ಇಳಿಸಿದರೆ, 20 ಓಮ್-ಮೀಟರ್ ನಿರೋಧಕತೆಯ ಒದ್ದೆ ಜೇಡಿಯಲ್ಲಿ ಸುಮಾರು 6 ಓಮ್ ಬರುತ್ತದೆ. 100 ಓಮ್-ಮೀಟರಿನ ಹೊಲದ ಮಣ್ಣಿನಲ್ಲಿ ಅದೇ ಪೈಪು 29 ಓಮ್. ಗರಸು, ಕಲ್ಲು ತುಂಬಿದ 1000 ಓಮ್-ಮೀಟರಿನ ನೆಲದಲ್ಲಿ 280 ಓಮಿಗೂ ಹೆಚ್ಚು. ಸೋಲಾರ್ ಕೆಲಸದಲ್ಲಿ ಕೇಳುವುದು 5 ಓಮಿನೊಳಗೆ.

ಈ ಅಂಕಿಗಳ ಅಂತರ ಜೀವಕ್ಕೆ ಸಂಬಂಧಿಸಿದ್ದು. ಇನ್ವರ್ಟರಿನ ಕಡೆಯಿಂದ ಚೌಕಟ್ಟಿಗೆ 230 ವೋಲ್ಟಿನ ಫೇಸ್ ತಾಗಿತು ಎನ್ನಿ. 5 ಓಮಿನ ಗುಂಡಿಯಾದರೆ 46 ಆಂಪಿಯರ್ ನೆಲಕ್ಕೆ ಧುಮುಕುತ್ತದೆ, ಮನೆಯ ಎಂಸಿಬಿ ತುಸು ತಡವಾಗಿಯಾದರೂ ಬೀಳುತ್ತದೆ. 280 ಓಮಾದರೆ ಒಂದು ಆಂಪಿಯರ್ ಕೂಡ ಹರಿಯದು. ಎಂಸಿಬಿ ಅದನ್ನು ಎರಡು ಮೂರು ಫ್ಯಾನಿನ ಲೋಡ್ ಎಂದೇ ಭಾವಿಸಿ ಸುಮ್ಮನಿರುತ್ತದೆ, ಚೌಕಟ್ಟು ಫೇಸ್ ಹೊತ್ತು ನಿಂತಿರುತ್ತದೆ. ಎಸಿ ಕಡೆಗೆ ಆರ್‌ಸಿಸಿಬಿ ಬೇಕೇ ಬೇಕು ಎನ್ನುವುದು ಇದಕ್ಕೆ.

ಪೈಪಿನ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವ ಹಳೆಯ ಪದ್ಧತಿಯಲ್ಲಿ ವಿವೇಕವಿದೆ. ನಿರೋಧದ ಬಹುಪಾಲು ಪೈಪಿಗೆ ಹತ್ತಿಕೊಂಡಿರುವ ಮಣ್ಣಿನಲ್ಲೇ ಇರುವುದರಿಂದ ಅಷ್ಟನ್ನು ಸುಧಾರಿಸಿದರೆ ಲಾಭ ದೊಡ್ಡದು. ಉಪ್ಪು ಮಾತ್ರ ಮಳೆಗೆ ತೊಳೆದುಹೋಗುತ್ತದೆ, ಪೈಪಿಗೆ ತುಕ್ಕನ್ನೂ ಹಿಡಿಸುತ್ತದೆ. ನೀರು ಹಿಡಿದಿಟ್ಟುಕೊಳ್ಳುವ ಬೆಂಟೊನೈಟ್ ಜೇಡಿ ತುಂಬಿದ ಗುಂಡಿ ಹೆಚ್ಚು ಬಾಳುತ್ತದೆ. ಒಂದರಲ್ಲಿ ಸಾಲದಿದ್ದರೆ ಪೈಪಿನ ಉದ್ದದ ಎರಡರಷ್ಟು ದೂರದಲ್ಲಿ ಇನ್ನೊಂದು ಗುಂಡಿ ತೋಡಿ ಎರಡನ್ನೂ ಜೋಡಿಸಬೇಕು. ತೀರ ಹತ್ತಿರ ತೋಡಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಂಡು ಖರ್ಚು ವ್ಯರ್ಥ.

ಮೇಲ್ಗಡೆಯೂ ಒಂದು ತೊಡಕಿದೆ. ಅಲ್ಯೂಮಿನಿಯಂ ಚೌಕಟ್ಟಿಗೆ ತುಕ್ಕು ಹಿಡಿಯದಂತೆ ಅನೋಡೈಸ್ ಮಾಡಿ ಮೇಲೊಂದು ಪದರ ಬರಿಸಿರುತ್ತಾರೆ, ಆ ಪದರ ವಿದ್ಯುತ್ತನ್ನು ಬಿಡುವುದಿಲ್ಲ. ಬರೀ ಬೋಲ್ಟ್ ಬಿಗಿದರೆ ಅರ್ಥಿಂಗ್ ತಂತಿ ಕಣ್ಣಿಗೆ ಕಾಣುತ್ತದೆ, ಸಂಪರ್ಕ ಇರುವುದಿಲ್ಲ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಪದರವನ್ನು ಕಚ್ಚಿಸಬೇಕು. ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಮ್ಮಿಗೆ ಒತ್ತಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಬಿಳಿ ಪುಡಿ ಕಟ್ಟುತ್ತದೆ. ತವರ ಲೇಪಿಸಿದ ಲಗ್ ಬಳಸಬೇಕು.

ನಮ್ಮ ಸೀಮೆಗೆ ವಿಶೇಷವಾದ ಅಪಾಯ ಪಂಚಾಂಗದಲ್ಲೇ ಬರೆದಿದೆ. ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗಿನ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಗುಡುಗು ಸಿಡಿಲಿನ ಮಳೆಗಳು. ಅವು ಬರುವ ಮೊದಲು ನಾಲ್ಕೈದು ತಿಂಗಳು ನೆಲ ಒಣಗಿ ಬಿರಿದಿರುತ್ತದೆ. ಅಂದರೆ ಸಿಡಿಲಿನ ಕಾಟ ಶುರುವಾಗುವ ಹೊತ್ತಿಗೇ ಅರ್ಥಿಂಗ್ ಗುಂಡಿಯ ನಿರೋಧ ವರ್ಷದಲ್ಲೇ ಅತಿ ಹೆಚ್ಚು. ಅಕ್ಟೋಬರಿನಲ್ಲಿ, ನೆಲ ಹಸಿಯಿರುವಾಗ ಅರ್ಥ್ ಮೆಗ್ಗರ್ ಇಟ್ಟು 5 ಓಮ್ ತೋರಿಸಿ ಸಹಿ ಹಾಕಿಸಿಕೊಂಡು ಹೋದ ಗುತ್ತಿಗೆದಾರರ ಕಾಗದ ಭರಣಿ ಮಳೆಯ ದಿನ ಏನನ್ನೂ ಕಾಪಾಡುವುದಿಲ್ಲ. ಅಳೆಯಬೇಕಾದದ್ದು ಯುಗಾದಿಯ ಆಸುಪಾಸಿನಲ್ಲಿ. ಗುಂಡಿಯ ಮುಚ್ಚಳ ತೆಗೆದು ಕೊಳವೆಯ ಬಾಯಿಗೆ ಬಿಂದಿಗೆಗಟ್ಟಲೆ ನೀರು ಹೊಯ್ಯಲು ಶುರುಮಾಡಬೇಕಾದದ್ದು ಅದಕ್ಕೂ ಮುಂಚೆ.

ಸಿಡಿಲಿನ ಮುಂದೆ 5 ಓಮ್ ಕೂಡ ಸಾಲದು ಎಂಬುದನ್ನೂ ಹೇಳಬೇಕು. ಸಾಧಾರಣ ಸಿಡಿಲೊಂದರಲ್ಲಿ 30,000 ಆಂಪಿಯರ್ ಇರುತ್ತದೆ. 5 ಓಮಿನಲ್ಲಿ ಅದು ಹರಿದರೆ ಒಂದೂವರೆ ಲಕ್ಷ ವೋಲ್ಟ್. ಆಗ ಜೀವ, ಯಂತ್ರ ಎರಡನ್ನೂ ಉಳಿಸುವುದು ಎಲ್ಲ ಲೋಹಗಳೂ ಒಟ್ಟಿಗೆ ಒಂದೇ ವೋಲ್ಟೇಜಿಗೆ ಏರಿ ಒಟ್ಟಿಗೆ ಇಳಿಯುವಂತೆ ಕಟ್ಟಿರುವುದು. ಪ್ಯಾನೆಲ್ ಚೌಕಟ್ಟಿಗೊಂದು, ಇನ್ವರ್ಟರಿಗೊಂದು, ಸಿಡಿಲು ತಡೆಗೊಂದು ಎಂದು ಮೂರು ಗುಂಡಿ ತೋಡುವ ರೂಢಿ ನಮ್ಮಲ್ಲಿದೆ. ತೋಡಲಿ, ಆದರೆ ನೆಲಮಟ್ಟದಲ್ಲಿ ಮೂರನ್ನೂ ಪಟ್ಟಿಯಿಂದ ಬೆಸೆಯದೆ ಬಿಟ್ಟರೆ ಸಿಡಿಲು ಬಿದ್ದ ಗಳಿಗೆಯಲ್ಲಿ ಒಂದು ಗುಂಡಿಗೂ ಇನ್ನೊಂದಕ್ಕೂ ಸಾವಿರಾರು ವೋಲ್ಟ್ ಅಂತರವಾಗಿ, ಆ ಅಂತರವನ್ನು ತುಂಬುವ ದಾರಿ ಇನ್ವರ್ಟರಿನ ಹೊಟ್ಟೆಯೇ ಆಗುತ್ತದೆ. ಸಿಡಿಲು ರಕ್ಷಣೆಯ ಐಇಸಿ 62305 ಮಾನಕವೂ ಬೆಸೆಯಬೇಕೆಂದೇ ಹೇಳುತ್ತದೆ. ಮರದಡಿ ನಿಂತ ದನಗಳು ಸಿಡಿಲಿಗೆ ಹೆಚ್ಚಾಗಿ ಸಾಯುವುದೂ ಇಂಥ ಅಂತರದಿಂದ. ಮುಂಗಾಲಿನ ನೆಲಕ್ಕೂ ಹಿಂಗಾಲಿನ ನೆಲಕ್ಕೂ ವೋಲ್ಟೇಜ್ ಬೇರೆಯಾಗಿ, ಕರೆಂಟು ಎದೆಯ ಮೂಲಕ ಹಾಯುತ್ತದೆ.

ಗುಬ್ಬಿ ಕಡೆಯ ತೆಂಗಿನ ತೋಟಗಳಲ್ಲಿ ಸೋಲಾರ್ ಪಂಪ್ ಇಟ್ಟವರು ಎತ್ತರದ ಮರಗಳೇ ಸಿಡಿಲನ್ನು ಹಿಡಿದುಕೊಳ್ಳುತ್ತವೆ ಎಂದು ನೆಮ್ಮದಿಯಿಂದಿರುತ್ತಾರೆ. ಸುಳಿ ಸುಟ್ಟ ತೆಂಗಿನ ಮರ ಕಂಡವರಿಗೆ ಹಾಗನ್ನಿಸುವುದು ಸಹಜ. ಮರ ಒಳ್ಳೆಯ ವಾಹಕವಲ್ಲ, ಅದಕ್ಕೆ ಬಿದ್ದ ಸಿಡಿಲು ಪಕ್ಕದ ಲೋಹಕ್ಕೆ ಹಾರಬಲ್ಲದು. ಹಾರದಿದ್ದರೂ ಹತ್ತಿರ ಬಿದ್ದ ಸಿಡಿಲಿನ ಕಾಂತಕ್ಷೇತ್ರ ಪ್ಯಾನೆಲ್ಲಿನಿಂದ ಕೊಳವೆಬಾವಿಯವರೆಗಿನ ಉದ್ದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಧನ, ಋಣ ತಂತಿಗಳು ದೂರ ದೂರ ಹರಿದಷ್ಟೂ ಅವುಗಳ ನಡುವಿನ ಕುಣಿಕೆ ಅಗಲವಾಗಿ ಈ ವೋಲ್ಟೇಜ್ ಹೆಚ್ಚು. ಎರಡನ್ನೂ ಜೊತೆಜೊತೆಗೇ ಕಟ್ಟಿ ಎಳೆಯುವುದು ಖರ್ಚಿಲ್ಲದ ರಕ್ಷಣೆ. ಕೊಳವೆಬಾವಿಯ ಕೇಸಿಂಗ್ ಕಬ್ಬಿಣದ್ದಾದರೆ ಅದನ್ನೂ ಅರ್ಥಿಂಗ್ ಜಾಲಕ್ಕೆ ಸೇರಿಸಬಹುದು. ಪಿವಿಸಿ ಕೇಸಿಂಗ್‌ಗೆ ತಂತಿ ಸುತ್ತಿ ಬಂದರೆ ಸುತ್ತಿದ ಶ್ರಮವಷ್ಟೇ.

ಹೀಗೆ ಬಂದ ವೋಲ್ಟೇಜನ್ನು ನೆಲಕ್ಕೆ ತಿರುಗಿಸುವ ಎಸ್‌ಪಿಡಿ ಎಂಬ ಪುಟ್ಟ ಸಾಧನ ಡಿಸಿ ಡಬ್ಬದೊಳಗೆ ಇರಬೇಕು. ಅದರ ಮೈಮೇಲೆ ಬೆರಳ ಉಗುರಿನಷ್ಟು ಕಿಟಕಿ ಇರುತ್ತದೆ. ಕೆಲಸ ಮಾಡುತ್ತಿರುವಾಗ ಹಸಿರು. ಏಟು ತಿಂದು ಸತ್ತ ಮೇಲೆ ಸಾಮಾನ್ಯವಾಗಿ ಕೆಂಪು. ಸತ್ತದ್ದು ಪ್ಯಾನೆಲ್ಲಿಗಾಗಲಿ ಇನ್ವರ್ಟರಿಗಾಗಲಿ ತಿಳಿಯುವುದಿಲ್ಲ, ಕರೆಂಟು ಎಂದಿನಂತೆ ಬರುತ್ತಲೇ ಇರುತ್ತದೆ. ಆದ್ದರಿಂದ ಗುಡುಗಿನ ಮಳೆ ನಿಂತ ಮಾರನೆಯ ಬೆಳಗ್ಗೆ ಡಬ್ಬದ ಆ ಕಿಟಕಿಯನ್ನು ಮನೆಯವರೇ ನೋಡಬೇಕು. ಕೆಂಪಾಗಿದ್ದರೆ ಮುಂದಿನ ಮೋಡ ಕಟ್ಟುವ ಮೊದಲು ಅದರ ಕಾರ್ಟ್ರಿಜ್ ಬದಲಿಸಲು ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.