ಕೆಲಸಕ್ಕಾಗಿ ಊರು ಬದಲಿಸುವವರು ಬಾಡಿಗೆ ಮನೆಯ ಬಡಾವಣೆಯನ್ನು ಆರಿಸುವ ಬಗೆ

ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಬೆಳಗಾವಿ ಮೊದಲಾದ ಊರುಗಳ ಸಣ್ಣ ಉದ್ದಿಮೆದಾರರು ಬೆಂಗಳೂರಿನಲ್ಲಿ ಶಾಖೆ ತೆರೆಯುವಾಗ ಶೆಡ್ಡಿನ ಬಾಡಿಗೆ, ವಿದ್ಯುತ್ ಸಂಪರ್ಕ, ಸಾಗಣೆ ವೆಚ್ಚ ಇವೆಲ್ಲವನ್ನೂ ಪೈಸೆಯವರೆಗೆ ಲೆಕ್ಕ ಹಾಕುತ್ತಾರೆ. ಆ ಶಾಖೆಯನ್ನು ನಡೆಸಲೆಂದು ಇಲ್ಲಿಂದ ಹೋಗುವ ಮೇಲ್ವಿಚಾರಕ, ಟರ್ನರ್ ಅಥವಾ ಲೆಕ್ಕಿಗನು ಯಾವ ಬಡಾವಣೆಯಲ್ಲಿ ಮನೆ ಮಾಡಬೇಕೆಂಬ ಪ್ರಶ್ನೆಯನ್ನು ಮಾತ್ರ ಅವನಿಗೇ ಬಿಡಲಾಗುತ್ತದೆ. ಅವನು ಆತುರದಲ್ಲಿ, ಸಿಕ್ಕಿದ ಮೊದಲ ಅಗ್ಗದ ಮನೆಯನ್ನು ಹಿಡಿಯುತ್ತಾನೆ. ಕೆಲವೇ ತಿಂಗಳಲ್ಲಿ ನೀರು, ಪ್ರಯಾಣ, ಮಕ್ಕಳ ಶಾಲೆ ಇವುಗಳಿಂದ ಬೇಸತ್ತು ಊರಿಗೆ ಮರಳಿದನೆಂದರೆ ತರಬೇತಿ ಪಡೆದ ಕೈಯೊಂದನ್ನು ಉದ್ದಿಮೆ ಕಳೆದುಕೊಂಡಂತೆಯೇ ಸರಿ. ಆದುದರಿಂದ ಮನೆಯ ಆಯ್ಕೆಯೂ ವ್ಯವಹಾರದ ಲೆಕ್ಕದೊಳಗೇ ಬರಬೇಕಾದ ವಿಷಯ. ಪೀಣ್ಯ ಕೈಗಾರಿಕಾ ಪ್ರದೇಶವನ್ನು ಉದಾಹರಣೆಯಾಗಿಟ್ಟುಕೊಂಡು ಈ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ನಿಜವಾದ ಬಾಡಿಗೆ ಎಷ್ಟು?

ಮನೆಯ ಮಾಲೀಕರು ಹೇಳುವ ತಿಂಗಳ ಬಾಡಿಗೆಯು ವೆಚ್ಚದ ಒಂದು ಭಾಗ ಮಾತ್ರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮೊತ್ತವನ್ನು ಅಡ್ವಾನ್ಸ್ ಎಂದು ಪಡೆಯುವ ರೂಢಿ ಬಹುಕಾಲದಿಂದಿದೆ. ಈ ಹಣಕ್ಕೆ ಬಡ್ಡಿ ಬರುವುದಿಲ್ಲ. ಜೊತೆಗೆ ದಿನನಿತ್ಯದ ಪ್ರಯಾಣ ಮತ್ತು ನೀರಿನ ವೆಚ್ಚವನ್ನೂ ಸೇರಿಸಬೇಕು.

ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದು ಕಾರ್ಖಾನೆಯಿಂದ 20 ಕಿ.ಮೀ. ದೂರದ ಹೊರವಲಯದಲ್ಲಿದ್ದು, ಬಾಡಿಗೆ 10,000 ರೂ. ಎಂದಿರಲಿ. ಒಂದು ಲಕ್ಷ ರೂ. ಅಡ್ವಾನ್ಸಿಗೆ ವರ್ಷಕ್ಕೆ ಶೇ. 12ರಂತೆ ತಿಂಗಳಿಗೆ 1,000 ರೂ. ಬಡ್ಡಿ ನಷ್ಟ. ದಿನಕ್ಕೆ 40 ಕಿ.ಮೀ.ನಂತೆ 25 ದಿನ ದ್ವಿಚಕ್ರ ವಾಹನದಲ್ಲಿ ಓಡಾಡಿದರೆ, ಲೀಟರಿಗೆ 50 ಕಿ.ಮೀ. ಮತ್ತು 100 ರೂ. ಎಂದು ಹಿಡಿದಾಗ, ಪೆಟ್ರೋಲಿಗೆ 2,000 ರೂ. ಬೇಕು. ವಾಹನದ ದುರಸ್ತಿಗೆ 500 ರೂ., ಟ್ಯಾಂಕರ್ ನೀರಿನ ಪಾಲು 1,000 ರೂ. ಎಂದಿಟ್ಟುಕೊಂಡರೆ ಒಟ್ಟು 14,500 ರೂ. ಆಗುತ್ತದೆ. ಎರಡನೆಯದು ಕಾರ್ಖಾನೆಗೆ ನಡೆದು ಹೋಗುವಷ್ಟು ಸಮೀಪವಿದ್ದು, ಬಾಡಿಗೆ 13,000 ರೂ. ಎಂದಿರಲಿ. ಅಡ್ವಾನ್ಸಿನ ಬಡ್ಡಿ 1,300 ರೂ., ನೀರಿನ ಬಿಲ್ಲು 200 ರೂ. ಸೇರಿ ಇದರ ಒಟ್ಟು ವೆಚ್ಚವೂ 14,500 ರೂ.ಗಳೇ.

ಹಣದ ಲೆಕ್ಕದಲ್ಲಿ ಎರಡೂ ಸಮವಾದವು. ಆದರೆ ಮೊದಲ ಮನೆಯವನು ದಿನಕ್ಕೆ ಒಂದೂವರೆ ಗಂಟೆಯನ್ನು ಹೆಚ್ಚಾಗಿ ರಸ್ತೆಯಲ್ಲಿ ಕಳೆದರೆ ತಿಂಗಳಿಗೆ 37 ಗಂಟೆಗಳಿಗೂ ಮಿಕ್ಕುತ್ತದೆ. ಇದು ಎಂಟು ಗಂಟೆಯ ಐದು ಪಾಳಿಗಳಿಗೆ ಸಮೀಪವಾದ ಶ್ರಮ. ಅಂಕಿಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಆದರೂ ಈ ಬಾಬುಗಳನ್ನು ಒಂದು ಕಾಗದದ ಮೇಲೆ ಬರೆದು ಕೂಡಿಸಿದ ನಂತರವೇ ಯಾವುದು ಅಗ್ಗವೆಂದು ತೀರ್ಮಾನಿಸುವುದು ಸೂಕ್ತ.

ಪಾಳಿಯ ವೇಳೆ ಮತ್ತು ಮೆಟ್ರೊ ಮಾರ್ಗ

ಪೀಣ್ಯದವರೆಗಿನ ಮೆಟ್ರೊ ಸಂಚಾರ 2014ರ ಮಾರ್ಚ್‌ನಲ್ಲಿ ಆರಂಭವಾಯಿತು. 2015ರಲ್ಲಿ ಅದು ನಾಗಸಂದ್ರಕ್ಕೂ, 2024ರ ನವೆಂಬರ್‌ನಲ್ಲಿ ಮಾದಾವರಕ್ಕೂ ವಿಸ್ತರಣೆಗೊಂಡಿತು. ಇದರಿಂದ ಯಶವಂತಪುರ, ರಾಜಾಜಿನಗರ, ದಾಸರಹಳ್ಳಿ, ಚಿಕ್ಕಬಿದರಕಲ್ಲು ಇವೆಲ್ಲವೂ ಪೀಣ್ಯದಲ್ಲಿ ದುಡಿಯುವವರಿಗೆ ಒಂದೇ ಸಾಲಿನ ಮೇಲೆ ದೊರೆಯುತ್ತವೆ. ದಕ್ಷಿಣದಲ್ಲಿ ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಇಂಥದೇ ಅನುಕೂಲವು 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಿಂದ ಲಭಿಸಿದೆ.

ಆದರೆ ನಿಲ್ದಾಣ ಸಮೀಪವಿದ್ದ ಮಾತ್ರಕ್ಕೆ ಸಾಲದು. ಪೀಣ್ಯ ಕೈಗಾರಿಕಾ ಪ್ರದೇಶವು ಹಲವು ಹಂತಗಳಲ್ಲಿ ಹರಡಿಕೊಂಡಿದ್ದು, ನಿಲ್ದಾಣದಲ್ಲಿ ಇಳಿದ ಬಳಿಕ ಒಳಗಿನ ಶೆಡ್ಡಿಗೆ ಎರಡು ಮೂರು ಕಿ.ಮೀ. ಇರಬಹುದು. ಎರಡನೆಯ ಪಾಳಿ ಮುಗಿಯುವ ಹೊತ್ತಿಗೆ ಕೊನೆಯ ರೈಲು ಹೊರಟಿರುತ್ತದೆಯೇ ಎಂಬುದನ್ನು ವೇಳಾಪಟ್ಟಿ ನೋಡಿ ಖಚಿತಪಡಿಸಿಕೊಳ್ಳಬೇಕು. ದರವನ್ನೂ ಮರೆಯಬಾರದು: 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ಪ್ರಯಾಣ ದರವು 60 ರೂ.ಗಳಿಂದ 90 ರೂ.ಗಳಿಗೆ ಏರಿತು. ಮಹಿಳಾ ನೌಕರರ ಲೆಕ್ಕ ಬೇರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಅವರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸುವುದರಿಂದ, ನೇರ ಬಸ್ಸಿರುವ ಬಡಾವಣೆಯೇ ಅವರಿಗೆ ಲಾಭದಾಯಕವಾಗಬಹುದು.

ಮುಂಗಡ ಕೊಡುವ ಮುನ್ನ, ಕೆಲಸದ ದಿನವೊಂದರಂದು, ಪಾಳಿಗೆ ಹೊರಡುವ ನಿಜವಾದ ವೇಳೆಗೆ ಆ ಮನೆಯಿಂದ ಕಾರ್ಖಾನೆಗೆ ಒಮ್ಮೆ ಪ್ರಯಾಣ ಮಾಡಿ ನೋಡುವುದು ಅತ್ಯುತ್ತಮ ಪರೀಕ್ಷೆ. ಭಾನುವಾರ ನೋಡಿದ ರಸ್ತೆಯು ಸೋಮವಾರ ಅದೇ ರಸ್ತೆಯಾಗಿ ಉಳಿದಿರುವುದಿಲ್ಲ.

ನೀರು, ಮಳೆ, ವಿದ್ಯುತ್

2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ನಗರದ ಹಲವು ಬಡಾವಣೆಗಳು ಟ್ಯಾಂಕರುಗಳನ್ನೇ ನಂಬಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಕಾವೇರಿ ಐದನೆಯ ಹಂತವು ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದಾಗಿದ್ದು, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಉದ್ದೇಶಿಸಿದ್ದಾಗಿದೆ. ಹೀಗಿದ್ದರೂ ಬೀದಿಯಲ್ಲಿ ಕೊಳವೆ ಹಾದುಹೋಗಿರುವುದು ಬೇರೆ, ಆ ಮನೆಗೆ ಸಂಪರ್ಕವಿರುವುದು ಬೇರೆ. ಮಾಲೀಕರಿಂದ ನೀರಿನ ಬಿಲ್ಲನ್ನು ಕೇಳಿ ನೋಡಬೇಕು. ವಾರಕ್ಕೆ ಎಷ್ಟು ದಿನ ನೀರು ಬರುತ್ತದೆಂದು ಪಕ್ಕದ ಮನೆಯವರನ್ನು ವಿಚಾರಿಸಬೇಕು. ಪೀಣ್ಯದ ಕೆಲವೆಡೆ ಅಂತರ್ಜಲದಲ್ಲಿ ಕ್ರೋಮಿಯಂ ಅಂಶವಿರುವುದು ವರದಿಯಾಗಿರುವುದರಿಂದ, ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಬೀದಿಗಳಲ್ಲಿ ಕೊಳವೆ ಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯಲು ಬಳಸುವುದು ಸಲ್ಲದು.

ತಗ್ಗು ಪ್ರದೇಶ ಮತ್ತು ರಾಜಕಾಲುವೆಯ ಅಂಚಿನ ನೆಲಮಹಡಿಯ ಮನೆಗಳನ್ನು ಮಳೆಗಾಲದಲ್ಲಿ ಒಮ್ಮೆ ನೋಡಿದರೆ ಒಳಿತು. ಗೋಡೆಯ ಕೆಳಭಾಗದಲ್ಲಿ ನೀರಿನ ಗುರುತಿದೆಯೇ ಎಂದು ಗಮನಿಸಬೇಕು. ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮಾಪಕ ಮತ್ತು ಆರ್.ಆರ್. ಸಂಖ್ಯೆ ಇರುವುದು ಅಗತ್ಯ. ಇಲ್ಲವಾದರೆ ಬಿಲ್ಲಿನ ಪಾಲಿನ ಬಗ್ಗೆ ತಕರಾರು ಹುಟ್ಟುವುದಲ್ಲದೆ, 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಡಿ ಬಾಡಿಗೆದಾರರಿಗೂ ಇರುವ ಸೌಲಭ್ಯ ಪಡೆಯಲು ತೊಡಕಾಗುತ್ತದೆ.

ಕರಾರು ಪತ್ರ ಮತ್ತು ಭೋಗ್ಯ

ಒಂದು ವರ್ಷಕ್ಕೆ ಮೀರಿದ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣಕ್ಕೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದೆಂದು ನಿಗದಿಯಾಗಿದ್ದರಿಂದ, ಬಹುತೇಕ ಬಾಡಿಗೆದಾರರಿಗೆ ತಮ್ಮ ಕರಾರು ಪತ್ರವೇ ಆಧಾರ. ಅದರಲ್ಲಿ ವಾರ್ಷಿಕ ಏರಿಕೆಯ ಪ್ರಮಾಣ, ಮನೆ ತೆರವಿಗೆ ಎರಡೂ ಕಡೆಯವರು ಕೊಡಬೇಕಾದ ಮುನ್ಸೂಚನೆಯ ಅವಧಿ, ಬಣ್ಣಕ್ಕೆಂದು ಕಡಿತ ಮಾಡುವ ಮೊತ್ತ ಮತ್ತು ಅಡ್ವಾನ್ಸ್ ಮರಳಿಸುವ ದಿನ ಈ ನಾಲ್ಕು ಸ್ಪಷ್ಟವಾಗಿರಬೇಕು. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಪಾವತಿಸುವುದು ಕ್ಷೇಮ.

ಕೈಯಲ್ಲಿ ಹಣವಿರುವ ವರ್ತಕರನ್ನು ಭೋಗ್ಯದ ಮನೆಗಳು ಸೆಳೆಯುವುದು ಸಹಜ. ಹಲವು ಲಕ್ಷ ರೂ. ಇಡುಗಂಟು ಕೊಟ್ಟರೆ ತಿಂಗಳ ಬಾಡಿಗೆ ಇರುವುದಿಲ್ಲ. ಆದರೆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ, ಅಥವಾ ಮನೆಯನ್ನು ಬಾಡಿಗೆಗೆ ಪಡೆದ ಮಧ್ಯವರ್ತಿಯು ತಾನೇ ಮಾಲೀಕನಂತೆ ಭೋಗ್ಯಕ್ಕೆ ಕೊಟ್ಟಿದ್ದರೆ, ಇಡುಗಂಟೇ ಅಪಾಯಕ್ಕೆ ಸಿಲುಕುತ್ತದೆ. ಆದಕಾರಣ ಖಾತಾ ಮತ್ತು ಋಣಭಾರ ಪ್ರಮಾಣಪತ್ರಗಳನ್ನು ಪರಿಶೀಲಿಸಿ, ಮಾಲೀಕರೊಡನೆ ನೇರವಾಗಿ, ನೋಂದಾಯಿತ ಪತ್ರದ ಮೂಲಕ ಮಾತ್ರ ವ್ಯವಹರಿಸಬೇಕು. ದುಡಿಯುವ ಬಂಡವಾಳದಿಂದ ತೆಗೆದು ಭೋಗ್ಯಕ್ಕೆ ಕೊಡುವವರು, ಆ ಹಣ ಅಂಗಡಿಯಲ್ಲಿದ್ದರೆ ಎಷ್ಟು ಗಳಿಸುತ್ತಿತ್ತೆಂಬುದನ್ನೂ ಎಣಿಸಬೇಕು.

ಉದ್ದಿಮೆದಾರರು ಮಾಡಬಹುದಾದದ್ದು

ನೌಕರನನ್ನು ಕುಟುಂಬ ಸಮೇತ ಕಳುಹಿಸುವುದಾದರೆ ಶಾಲೆಗಳು ಆರಂಭವಾಗುವ ಮುನ್ನ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಕಳುಹಿಸುವುದು ಅನುಕೂಲ. ನಡುವರ್ಷದಲ್ಲಿ ವರ್ಗಾವಣೆ ಪತ್ರ ಹಿಡಿದು ಶಾಲೆ ಹುಡುಕುವ ಕಷ್ಟ ತಪ್ಪುತ್ತದೆ. ಅನಿವಾರ್ಯವಾದಲ್ಲಿ ಮೊದಲ ಒಂದೆರಡು ತಿಂಗಳು ನೌಕರನೊಬ್ಬನನ್ನೇ ಪೇಯಿಂಗ್ ಗೆಸ್ಟ್ ವಸತಿಯಲ್ಲಿರಿಸಿ, ಬಡಾವಣೆಗಳನ್ನು ನೋಡಿ ಆರಿಸಲು ಅವಕಾಶ ಕೊಡಬಹುದು. ಹತ್ತು ತಿಂಗಳ ಅಡ್ವಾನ್ಸನ್ನು ಒಮ್ಮೆಗೇ ಹೊಂದಿಸುವುದು ಬಹುತೇಕ ಕುಶಲ ಕೆಲಸಗಾರರಿಗೆ ಅಸಾಧ್ಯ. ಉದ್ದಿಮೆಯು ಆ ಮೊತ್ತವನ್ನು ಸಾಲವಾಗಿ ಕೊಟ್ಟು, ಲಿಖಿತ ಒಪ್ಪಿಗೆಯ ಮೇರೆಗೆ ಕಂತುಗಳಲ್ಲಿ ಪಡೆದರೆ ಅವನು ಹೊರಗಿನ ಬಡ್ಡಿ ಸಾಲಕ್ಕೆ ಬೀಳುವುದಿಲ್ಲ. ಇದರ ತೆರಿಗೆ ಮತ್ತು ಲೆಕ್ಕಪತ್ರದ ಅಂಶಗಳನ್ನು ತಮ್ಮ ಲೆಕ್ಕ ಪರಿಶೋಧಕರಲ್ಲಿ ವಿಚಾರಿಸಿಕೊಳ್ಳುವುದು ಯುಕ್ತ.

ಹೊಸ ಯಂತ್ರವನ್ನು ಕೂರಿಸುವ ಮುನ್ನ ಅದರ ಅಡಿಪಾಯ ಗಟ್ಟಿಯಿದೆಯೇ ಎಂದು ನೋಡದ ಉದ್ದಿಮೆದಾರರಿಲ್ಲ. ಆ ಯಂತ್ರವನ್ನು ನಡೆಸುವವನ ಮನೆಯ ವಿಷಯದಲ್ಲಿಯೂ ಶಾಖೆ ತೆರೆಯುವ ಮುನ್ನವೇ ಎರಡು ದಿನಗಳನ್ನು ವಿನಿಯೋಗಿಸಿದರೆ, ಆ ವೇಳೆಯು ವ್ಯರ್ಥವಾಗದು.