ಸುಡುವ ಅಡುಗೆಯ ಒಣ ಮಸಾಲೆಯಲ್ಲಿ ರುಚಿವರ್ಧಕಗಳ ಬಳಕೆ: ಅಳತೆ, ಎಚ್ಚರಿಕೆ ಮತ್ತು ಪರ್ಯಾಯಗಳು

ಕೆಂಡದ ಮೇಲೆ ಅಥವಾ ಗ್ರಿಲ್‌ನಲ್ಲಿ ಸುಡುವ ಕೋಳಿ, ಮೀನು, ಪನೀರ್ ಹಾಗೂ ತರಕಾರಿಗಳಿಗೆ ಮೊದಲೇ ಸವರುವ ಒಣ ಮಸಾಲೆಗೆ ಬೇಡಿಕೆ ಹೆಚ್ಚುತ್ತಿದೆ. ಮೆಣಸಿನಕಾಯಿ, ಧನಿಯಾ, ಕಾಳುಮೆಣಸು ಮತ್ತು ಅರಿಶಿನಗಳನ್ನು ಸ್ವತಃ ಬೆಳೆಯುವ ರೈತ ಕುಟುಂಬಗಳಿಗೂ ಸ್ವಸಹಾಯ ಸಂಘಗಳಿಗೂ ಇದು ಮೌಲ್ಯವರ್ಧನೆಯ ಉತ್ತಮ ಅವಕಾಶ. ಇಂತಹ ಮಸಾಲೆಗೆ ಮೊನೊಸೋಡಿಯಂ ಗ್ಲುಟಮೇಟ್ (ಎಂಎಸ್‌ಜಿ) ಸೇರಿಸಬಹುದೇ ಎಂಬುದು ತರಬೇತಿಗಳಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆ. ಮನೆಯ ಬಳಕೆಗೆ ಒಂದು ಉತ್ತರ, ಮಾರಾಟಕ್ಕೆ ಮತ್ತೊಂದು ಉತ್ತರವಿರುವುದರಿಂದ ಎರಡನ್ನೂ ಇಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಎಂಎಸ್‌ಜಿ ಎಂದರೇನು?

ಗ್ಲುಟಾಮಿಕ್ ಆಮ್ಲವು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಒಂದು. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆದಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಇದನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು ಮತ್ತು ಕಹಿಗಳಿಗಿಂತ ಭಿನ್ನವಾದ ಈ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಮರುವರ್ಷವೇ ಇದರ ಸೋಡಿಯಂ ಲವಣವು ‘ಅಜಿನೊಮೊಟೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ಕಬ್ಬಿನ ಕಾಕಂಬಿ, ಮರಗೆಣಸು ಅಥವಾ ಮೆಕ್ಕೆಜೋಳದ ಪಿಷ್ಟವನ್ನು ಸೂಕ್ಷ್ಮಾಣುಗಳಿಂದ ಹುದುಗಿಸಿ ಇದನ್ನು ತಯಾರಿಸಲಾಗುತ್ತದೆ. ಚೆನ್ನಾಗಿ ಹಣ್ಣಾದ ಟೊಮೆಟೊ, ಅಣಬೆ ಮತ್ತು ಹಳೆಯ ಚೀಸ್‌ಗಳಲ್ಲಿ ಗ್ಲುಟಮೇಟ್ ಸಹಜವಾಗಿಯೇ ಇರುತ್ತದೆ.

ಮಾಂಸದಲ್ಲಿ ಇನೋಸಿನೇಟ್ ಎಂಬ ಮತ್ತೊಂದು ರುಚಿಕಾರಕ ಸಂಯುಕ್ತವಿದೆ. ಗ್ಲುಟಮೇಟ್ ಅದರೊಡನೆ ಸೇರಿದಾಗ ಉಮಾಮಿ ರುಚಿಯು ಎರಡರ ಮೊತ್ತಕ್ಕಿಂತಲೂ ಅಧಿಕವಾಗುತ್ತದೆ. ಕೋಳಿ ಅಥವಾ ಮೀನಿಗೆ ಅತ್ಯಲ್ಪ ಪ್ರಮಾಣವೇ ಸಾಕಾಗುವುದಕ್ಕೆ ಇದೇ ಕಾರಣ. ಪ್ರಮಾಣ ಹೆಚ್ಚಿಸಿದಷ್ಟೂ ರುಚಿ ಹೆಚ್ಚುವುದಿಲ್ಲ. ಮಿತಿ ಮೀರಿದರೆ ಎಲ್ಲ ಮಸಾಲೆಗಳ ಪರಿಮಳವನ್ನೂ ಮುಚ್ಚುವ ಒಂದೇ ಬಗೆಯ ರುಚಿ ನಾಲಿಗೆಯಲ್ಲಿ ಉಳಿಯುತ್ತದೆ.

ಸುರಕ್ಷತೆಯ ಪ್ರಶ್ನೆ

1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪತ್ರವೊಂದರಿಂದ ಎಂಎಸ್‌ಜಿ ಕುರಿತ ಭಯ ವ್ಯಾಪಕವಾಗಿ ಹರಡಿತು. ಅನಂತರದ ದಶಕಗಳ ಪರಿಶೀಲನೆಯಲ್ಲಿ, ಅಡುಗೆಯಲ್ಲಿ ಬಳಸುವ ಸಾಮಾನ್ಯ ಪ್ರಮಾಣವು ಹಾನಿಕರವೆಂಬುದು ದೃಢಪಟ್ಟಿಲ್ಲ. ಆದರೆ ಆಹಾರವಿಲ್ಲದೆ 3 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದಾಗ ಕೆಲವು ಸೂಕ್ಷ್ಮ ವ್ಯಕ್ತಿಗಳಲ್ಲಿ ತಲೆನೋವು, ಮುಖ ಬಿಸಿಯಾಗುವಿಕೆಯಂತಹ ತಾತ್ಕಾಲಿಕ ಲಕ್ಷಣಗಳು ಕಾಣಿಸಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ಸೇರ್ಪಡೆಯ ಗ್ಲುಟಮೇಟ್‌ಗಳಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 30 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಿದೆ. ಆದ್ದರಿಂದ ಇದನ್ನು ವಿಷವೆಂದು ಭಾವಿಸಬೇಕಿಲ್ಲ, ಕಣ್ಣಂದಾಜಿನಲ್ಲಿ ಸುರಿಯಲೂಬಾರದು. ಒಂದು ವರ್ಷದೊಳಗಿನ ಶಿಶುಗಳ ಆಹಾರಕ್ಕೆ ಯಾವುದೇ ಕಾರಣಕ್ಕೂ ಸೇರಿಸಬಾರದು.

ಉಪ್ಪಿನ ಲೆಕ್ಕ

ಅಡುಗೆ ಉಪ್ಪಿನಲ್ಲಿ ಸುಮಾರು ಶೇ. 39ರಷ್ಟು ಸೋಡಿಯಂ ಇದ್ದರೆ, ಎಂಎಸ್‌ಜಿಯಲ್ಲಿರುವುದು ಸುಮಾರು ಶೇ. 12 ಮಾತ್ರ. ಒಂದು ಕಿಲೋಗ್ರಾಂ ಕೋಳಿಗೆ 12 ಗ್ರಾಂ ಉಪ್ಪು ಬಳಸಿದರೆ ಸುಮಾರು 4.7 ಗ್ರಾಂ ಸೋಡಿಯಂ ಸೇರುತ್ತದೆ. ಅದರ ಬದಲು 8 ಗ್ರಾಂ ಉಪ್ಪು ಮತ್ತು 2 ಗ್ರಾಂ ಎಂಎಸ್‌ಜಿ ಬಳಸಿದರೆ ಸೇರುವುದು ಸುಮಾರು 3.4 ಗ್ರಾಂ, ಅಂದರೆ ಕಾಲು ಭಾಗಕ್ಕಿಂತ ಹೆಚ್ಚಿನ ಉಳಿತಾಯ. ಆದರೆ ಉಪ್ಪನ್ನು ಕಡಿಮೆ ಮಾಡದೆ ಎಂಎಸ್‌ಜಿಯನ್ನು ಹೆಚ್ಚುವರಿಯಾಗಿ ಸೇರಿಸಿದರೆ ಸೋಡಿಯಂ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ರಕ್ತದೊತ್ತಡ ಇರುವವರ ಮನೆಗಳಲ್ಲಿ ಈ ವ್ಯತ್ಯಾಸವನ್ನು ವಿಶೇಷವಾಗಿ ಗಮನಿಸಬೇಕು.

ಮನೆಬಳಕೆಯ ಮಿಶ್ರಣ (1 ಕಿಲೋಗ್ರಾಂ ಕೋಳಿಗೆ)

• ಬ್ಯಾಡಗಿ ಮೆಣಸಿನಕಾಯಿ ಪುಡಿ: 15 ಗ್ರಾಂ
• ಧನಿಯಾ ಪುಡಿ: 10 ಗ್ರಾಂ
• ಕಾಳುಮೆಣಸಿನ ಪುಡಿ: 5 ಗ್ರಾಂ
• ಒಣ ಬೆಳ್ಳುಳ್ಳಿ ಪುಡಿ: 5 ಗ್ರಾಂ
• ಜೀರಿಗೆ ಪುಡಿ: 3 ಗ್ರಾಂ
• ಅರಿಶಿನ ಪುಡಿ: 2 ಗ್ರಾಂ
• ಉಪ್ಪು: 8 ಗ್ರಾಂ
• ಎಂಎಸ್‌ಜಿ: 2 ಗ್ರಾಂ (ಸುಮಾರು ಅರ್ಧ ಟೀ ಚಮಚ)

ಐದು ಜನರಿಗೆ ಬಡಿಸಿದಾಗ ಪ್ರತಿಯೊಬ್ಬರಿಗೆ ಸುಮಾರು 0.4 ಗ್ರಾಂ ಎಂಎಸ್‌ಜಿ ಮಾತ್ರ ದೊರೆಯುತ್ತದೆ.

ತಯಾರಿಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ಎಂಎಸ್‌ಜಿಯ ಹರಳುಗಳು ಮಸಾಲೆ ಪುಡಿಗಿಂತ ದಪ್ಪವಾಗಿದ್ದು ಡಬ್ಬಿಯ ತಳ ಸೇರುತ್ತವೆ. ಮೊದಲು ಉಪ್ಪಿನೊಂದಿಗೆ ನುಣ್ಣಗೆ ಅರೆದು, ಬಳಿಕ ಉಳಿದ ಪುಡಿಗಳೊಂದಿಗೆ ಬೆರೆಸಬೇಕು.
2. ಮಸಾಲೆ ಸವರಿದ ಮಾಂಸವನ್ನು ಫ್ರಿಜ್‌ನಲ್ಲಿ ಕನಿಷ್ಠ ಅರ್ಧ ಗಂಟೆ ಇಡಬೇಕು. ಮಾಂಸದ ತೇವದಲ್ಲಿ ಕರಗಿದ ನಂತರವೇ ರುಚಿ ಸಮನಾಗಿ ಹರಡುತ್ತದೆ.
3. ಹುಳಿ ಹೆಚ್ಚಾದಲ್ಲಿ ಉಮಾಮಿ ರುಚಿ ಕುಗ್ಗುತ್ತದೆ. ಆದ್ದರಿಂದ ನಿಂಬೆರಸವನ್ನು ಸುಟ್ಟ ನಂತರ ಹಿಂಡುವುದು ಸೂಕ್ತ.
4. ಸೋಯಾ ಸಾಸ್ ಅಥವಾ ಗ್ಲುಟಮೇಟ್ ಸೇರಿಸಿದ ಸಿದ್ಧ ಮಸಾಲೆಯನ್ನು ಬಳಸುವುದಾದರೆ ಎಂಎಸ್‌ಜಿಯನ್ನು ಮತ್ತೆ ಸೇರಿಸಬಾರದು.
5. ಇದು ಸಂರಕ್ಷಕವಲ್ಲ, ಮಾಂಸವನ್ನು ಮೆದುಗೊಳಿಸುವುದೂ ಇಲ್ಲ. ಹಳಸತೊಡಗಿದ ಮಾಂಸವನ್ನು ಯಾವ ರುಚಿವರ್ಧಕವೂ ಸುರಕ್ಷಿತಗೊಳಿಸಲಾರದು.

ಮಾರಾಟಕ್ಕೆ ತಯಾರಿಸುವವರ ಗಮನಕ್ಕೆ

ಮನೆಯಲ್ಲಿ ಬಳಸಬಹುದಾದುದನ್ನೆಲ್ಲ ಪೊಟ್ಟಣದಲ್ಲಿ ತುಂಬಿ ಮಾರಲು ಅವಕಾಶವಿರುವುದಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಾವಳಿಯು ಎಂಎಸ್‌ಜಿ ಸೇರಿಸಬಾರದ ಆಹಾರಗಳ ದೀರ್ಘ ಪಟ್ಟಿಯನ್ನು ನೀಡಿದ್ದು, ಹಾಲು, ಜೇನುತುಪ್ಪ ಮತ್ತು ಉಪ್ಪಿನ ಜೊತೆಗೆ ಮಸಾಲೆ ಪದಾರ್ಥಗಳನ್ನೂ ಕೆಲವು ವಿನಾಯಿತಿಗಳೊಂದಿಗೆ ಅದರಲ್ಲಿ ಸೇರಿಸಿತ್ತು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ತಮ್ಮ ಉತ್ಪನ್ನ ಯಾವ ವರ್ಗಕ್ಕೆ ಸೇರುತ್ತದೆ, ಅದಕ್ಕೆ ಎಂಎಸ್‌ಜಿ ಅನುಮತಿಸಲಾಗಿದೆಯೇ ಎಂಬುದನ್ನು ಆಹಾರ ಸುರಕ್ಷತಾ ಅಧಿಕಾರಿಗಳಿಂದ ಲಿಖಿತವಾಗಿ ತಿಳಿದುಕೊಳ್ಳುವ ಮೊದಲು ಒಂದು ಪೊಟ್ಟಣವನ್ನೂ ಮಾರಾಟ ಮಾಡಬಾರದು. ಅನುಮತಿ ಇರುವಲ್ಲಿ ಲೇಬಲ್‌ನ ಮೇಲೆ ಎಂಎಸ್‌ಜಿ ಸೇರಿಸಿರುವುದನ್ನೂ, 12 ತಿಂಗಳೊಳಗಿನ ಶಿಶುಗಳಿಗೆ ಸೂಕ್ತವಲ್ಲ ಎಂಬುದನ್ನೂ ನಮೂದಿಸುವುದು ಕಡ್ಡಾಯ. ಇದರ ಅಂತರರಾಷ್ಟ್ರೀಯ ಸೇರ್ಪಡೆ ಸಂಖ್ಯೆ 621. ಘೋಷಿಸದೆ ಸೇರಿಸಿದ ಒಂದು ಚಿಟಿಕೆಯೂ ಸಂಘವು ವರ್ಷಗಟ್ಟಲೆ ದುಡಿದು ಗಳಿಸಿದ ಗ್ರಾಹಕರ ವಿಶ್ವಾಸಕ್ಕೆ ಧಕ್ಕೆ ತರಬಲ್ಲದು.

ತೋಟದಲ್ಲೇ ಇರುವ ಪರ್ಯಾಯ

ಬೆಲೆ ಕುಸಿದಾಗ ಕೋಲಾರದ ಕಡೆ ರಸ್ತೆಬದಿಗೆ ಸುರಿಯುವ ಟೊಮೆಟೊ ಹಣ್ಣೇ ರುಚಿವರ್ಧಕದ ಕಚ್ಚಾವಸ್ತುವಾಗಬಲ್ಲದು. ಟೊಮೆಟೊ ಹಣ್ಣಾದಂತೆ ಅದರ ಗ್ಲುಟಮೇಟ್ ಹೆಚ್ಚುತ್ತದೆ, ಒಣಗಿಸಿದಾಗ ಸಾಂದ್ರಗೊಳ್ಳುತ್ತದೆ. ಪೂರ್ಣ ಮಾಗಿದ, ಕೊಳೆತವಲ್ಲದ ಹಣ್ಣುಗಳನ್ನು ತೊಳೆದು, ತೆಳುವಾಗಿ ಹೆಚ್ಚಿ, ಸೌರ ಶುಷ್ಕಕದಲ್ಲಿ 55–60 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮುರಿದರೆ ಪಟ್ಟನೆ ತುಂಡಾಗುವಂತೆ ಒಣಗಿಸಿ ಪುಡಿ ಮಾಡಬೇಕು. ಹಣ್ಣಿನಲ್ಲಿ ಸುಮಾರು ಶೇ. 94ರಷ್ಟು ನೀರಿರುವುದರಿಂದ 100 ಕಿಲೋಗ್ರಾಂ ಹಣ್ಣಿನಿಂದ 5–6 ಕಿಲೋಗ್ರಾಂ ಪುಡಿಯನ್ನಷ್ಟೇ ನಿರೀಕ್ಷಿಸಬಹುದು. ಪುಡಿಯು ಗಾಳಿಯ ತೇವವನ್ನು ಬೇಗ ಹೀರುವುದರಿಂದ ತಕ್ಷಣವೇ ಗಾಳಿಯಾಡದ ಪೊಟ್ಟಣದಲ್ಲಿ ತುಂಬಬೇಕು.

ಇನೋಸಿನೇಟ್ ಇಲ್ಲದ ಪನೀರ್ ಮತ್ತು ತರಕಾರಿಗಳಿಗೆ ಒಣ ಅಣಬೆಯ ಪುಡಿ ವಿಶೇಷವಾಗಿ ಹೊಂದುತ್ತದೆ. ಒಂದು ಕಿಲೋಗ್ರಾಂಗೆ 10 ಗ್ರಾಂ ಟೊಮೆಟೊ ಪುಡಿ ಮತ್ತು 5 ಗ್ರಾಂ ಅಣಬೆ ಪುಡಿ ಸೇರಿಸಿ ರುಚಿ ಪರೀಕ್ಷಿಸಬಹುದು. ಇದರ ಪರಿಣಾಮ ಎಂಎಸ್‌ಜಿಯಷ್ಟು ತೀಕ್ಷ್ಣವಲ್ಲ. ಆದರೆ ಹುಳಿ, ಬಣ್ಣ ಮತ್ತು ಪರಿಮಳಗಳು ಜೊತೆಗೂಡುತ್ತವೆ. ಟೊಮೆಟೊದಲ್ಲಿ ಸಕ್ಕರೆ ಇರುವುದರಿಂದ ನೇರ ಜ್ವಾಲೆಗೆ ಒಡ್ಡದೆ ಹದವಾದ ಕೆಂಡದಲ್ಲಿ ಸುಡಬೇಕು. ಇಂತಹ ಮಸಾಲೆಯಲ್ಲೂ ಸಹಜ ಗ್ಲುಟಮೇಟ್ ಇರುವುದರಿಂದ ‘ಗ್ಲುಟಮೇಟ್ ರಹಿತ’ ಎಂದು ಲೇಬಲ್‌ನಲ್ಲಿ ಮುದ್ರಿಸಬಾರದು.

ಸಾರಾಂಶದಲ್ಲಿ, ಮನೆಯ ಅಡುಗೆಗೆ ಎಂಎಸ್‌ಜಿಯನ್ನು ತೂಗಿ, ಉಪ್ಪನ್ನು ತಗ್ಗಿಸಿ ಬಳಸಬಹುದು. ಮಾರಾಟದ ಮಸಾಲೆಗೆ ಟೊಮೆಟೊ ಮತ್ತು ಅಣಬೆಯ ಪುಡಿಗಳೇ ಮೊದಲ ಆಯ್ಕೆಯಾಗಲಿ. ಅವುಗಳಿಂದ ರುಚಿಯೂ ಬರುತ್ತದೆ, ಬೆಲೆಯಿಲ್ಲದ ಕಾಲದಲ್ಲಿ ಬೆಳೆಗೆ ಒಂದು ದಾರಿಯೂ ದೊರೆಯುತ್ತದೆ. ಒಣಗಿಸುವಿಕೆ ಹಾಗೂ ಪ್ಯಾಕಿಂಗ್ ತರಬೇತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.