ನಿಮಗಿದು ಗೊತ್ತೆ? ತೊಡೆದೇವಿನ ಮಡಕೆಗೆ ಸಾಬೂನು ವರ್ಜ್ಯ

ಯಲ್ಲಾಪುರ ಸೀಮೆಯ ಇಡಗುಂದಿಯೇ ಮೊದಲಾದ ಘಟ್ಟದ ಮೇಲಣ ಊರುಗಳಲ್ಲಿ, ಕಬ್ಬಿನಹಾಲಿನಲ್ಲಿ ಕದಡಿದ ಅಕ್ಕಿಹಿಟ್ಟನ್ನು ಒಲೆಯ ಮೇಲೆ ಬೋರಲಿಟ್ಟ ಮಣ್ಣಿನ ಮಡಕೆಯ ಬೆನ್ನಿಗೆ ಬಟ್ಟೆ ಸುತ್ತಿದ ಕೋಲಿನಿಂದ ಸವರಿ, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ತೊಡೆದೇವಿನ ರುಚಿಯನ್ನು ಬಲ್ಲವರು ಅನೇಕರಾದರೂ, ಆ ಮಡಕೆಯ ಶುಶ್ರೂಷೆಯನ್ನು ಅರಿತವರು ವಿರಳ. ಮೃಣ್ಮಯ ಪಾತ್ರೆಯು ಸೂಕ್ಷ್ಮರಂಧ್ರಗಳಿಂದ ಕೂಡಿದುದರಿಂದ ಸಾಬೂನಿನ ನೀರನ್ನು ಹೀರಿಕೊಂಡು, ಮುಂದಿನ ಪಾಕಕ್ಕೆ ಅದರ ವಾಸನೆಯನ್ನು ಧಾರಾಳವಾಗಿ ದಾನಮಾಡುತ್ತದೆ. ಆದಕಾರಣ, ಅದು ತಾನಾಗಿ ಆರಿದ ಬಳಿಕ ಅಂಟಿದ ಹಿಟ್ಟನ್ನು ಒಣಬಟ್ಟೆಯಿಂದ ಒರಸಿ, ಎಣ್ಣೆಯ ಪಸೆ ಸವರಿಡುವುದೇ ಯುಕ್ತ. ಬಿಸಿಯಾಗಿರುವಾಗ ತಣ್ಣೀರು ಸೋಕಿದರೆ ಬಿರುಕು ಬಿಡುವುದುಂಟು. (‘ತೊಡೆ’ ಎಂಬ ಧಾತುವಿಗೆ ಬಳಿ ಎಂಬಂತೆಯೇ ಒರಸು ಎಂಬ ಅರ್ಥವೂ ಇರುವುದು ಸ್ವಾರಸ್ಯಕರವಲ್ಲವೆ?) ಹೀಗೆ ಎಣ್ಣೆಯುಂಡು ಕಪ್ಪಾಗಿ ಪಳಗಿದ ಮಡಕೆಯಿಂದ ಹಾಳೆಯು ಹರಿಯದೆ ಏಳುತ್ತದೆ.